ಹರಿಹರದಿಂದ ಹರಿಹರಾಲಯಕ್ಕೆ ಒಂದು ಕಲ್ಲು

ಹರಿಹರ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ. ನನ್ನ ಅಣ್ಣ ಮಹೇಶ್ವರಪ್ಪ ಕಾಂಬೋಡಿಯಾಕ್ಕೆ ಒಂದು ಹಾಸುಗಲ್ಲು ಒಯ್ದ. ಕರಿ ಗ್ರಾನೈಟು, ಮೊಳದುದ್ದ, ಹೆಬ್ಬೆರಳು ದಪ್ಪ. ಮೇಲೆ ಕನ್ನಡದಲ್ಲಿ ಕೆತ್ತನೆ, ಕೆತ್ತನೆಯೊಳಗೆ ಬಿಳಿ ಬಣ್ಣ. ಆ ಕಲ್ಲಿಗೆ ಜಾಗ ಆಗಲಿ ಎಂದು ಅವನ ಅಂಗಿಗಳೆಲ್ಲ ಅತ್ತಿಗೆಯ ಚೀಲಕ್ಕೂ, ಅತ್ತಿಗೆಯ ಸೀರೆಗಳು ನನ್ನ ಚೀಲಕ್ಕೂ ಬಂದವು. ನನ್ನ ಸೀರೆಗಳು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ.

ಇದಕ್ಕೆಲ್ಲ ಕಿಡಿ ಹಚ್ಚಿದವಳು ನಾನೇ. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಅಣ್ಣನ ಮನೆಯಲ್ಲಿ ಒಂದು ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತ, ಕಾಂಬೋಡಿಯಾದಲ್ಲೂ ಒಂದು ಹರಿಹರ ಇದೆಯಂತೆ, ಹರಿಹರಾಲಯ ಎಂದು ಹೆಸರಂತೆ, ಒಂದು ಕಾಲಕ್ಕೆ ಅದು ಅಲ್ಲಿನ ರಾಜಧಾನಿಯಂತೆ ಎಂದು ಹೇಳಿಬಿಟ್ಟೆ. ಅಣ್ಣನ ಕೈಯಲ್ಲಿದ್ದ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು.

"ನಮ್ಮ ಗುಡಿಗಿಂತ ಹಳೇದಾ?"

"ನಮ್ಮದು ಹೊಯ್ಸಳರ ಕಾಲದ್ದು. ಅದು ಇನ್ನೂ ಹಿಂದಿನದು."

ಅಣ್ಣನ ಮುಖ ಸಣ್ಣಗಾಯಿತು. ನಾವು ಹುಟ್ಟಿದ್ದು ಹರಿಹರದಲ್ಲಿ. ನಮ್ಮ ಊರಿಗಿಂತ ಹಳೆಯದು ಇನ್ನೊಂದಿದೆ ಎನ್ನುವುದು ಅವನಿಗೆ ಸುಲಭವಾಗಿ ಇಳಿಯುವ ಮಾತಲ್ಲ. ಮಿರ್ಚಿ ಮುಗಿಸಿ, ಕೈ ಒರೆಸಿಕೊಂಡು ತೀರ್ಪು ಕೊಟ್ಟ. "ಹಂಗಾದ್ರೆ ನಮ್ಮ ಕಡೆಯೋರೇ ಹೋಗಿ ಹೆಸರಿಟ್ಟಿರ್ಬೇಕು. ನೋಡಿಕೊಂಡು ಬರಾಣ ನಡಿ."

ಅಣ್ಣ ಮಂಡಿ ವ್ಯಾಪಾರಿ, ಆದರೆ ಅವನ ಜೀವ ಇರುವುದು ರಸ್ತೆ ಬದಿಯ ಕಲ್ಲುಗಳಲ್ಲಿ. ಆನಗೋಡಿನ ಹತ್ತಿರ ಹೆದ್ದಾರಿ ಪಕ್ಕದ ರೈತರ ಸ್ಮಾರಕ ಬಂದರೆ ಕಾರು ನಿಲ್ಲಿಸಿ, ಚಪ್ಪಲಿ ಬಿಟ್ಟು ಹೋಗಿ ನಿಂತು ಬರುತ್ತಾನೆ. ಬದುವಿನ ಮೇಲೆ ವೀರಗಲ್ಲು ಕಂಡರೂ ಅಷ್ಟೇ, ಹರಿಹರದ ಗುಡಿಯ ಅಂಗಳದ ಶಾಸನದ ಕಲ್ಲು ಕಂಡರೂ ಅಷ್ಟೇ. ಅವನ ಜೊತೆ ದಾವಣಗೆರೆಯಿಂದ ಹರಿಹರಕ್ಕೆ ಹೋಗುವುದೆಂದರೆ ಅರ್ಧ ದಿನದ ಕೆಲಸ. ಓದಲು ಬಾರದ ಹಳೆಗನ್ನಡದ ಮೇಲೆ ಬೆರಳಾಡಿಸಿ, "ಯಾರೋ ಬದುಕಿದ್ರು ಅನ್ನೋದು ಗೊತ್ತಾದ್ರ ಸಾಕಲ್ಲ" ಎನ್ನುತ್ತಾನೆ.

ಅವನಿಗೆ ಅಲ್ಲಿಗೆ ಬರಿಗೈಯಲ್ಲಿ ಹೋಗುವುದು ಸರಿ ಬರಲಿಲ್ಲ. ಹರಿಹರದವರ ನೆನಪಿಗೆ ಅಲ್ಲೊಂದು ಕಲ್ಲು ನೆಡಬೇಕು ಎಂದ. ಹರಿಹರದ ನಮ್ಮ ಹಳೆಯ ಓಣಿಯ ಮನೆಮನೆಯವರೂ ಕಲ್ಲಿಗೆ ಹೆಸರು ಕೊಟ್ಟು ಕೈಜೋಡಿಸಿದರು. ಹೊರಡುವ ಮುಂಚೆ ಓಣಿಯವರು ಶಾಲು ಹೊದಿಸಿದರು, ಅಣ್ಣ ಕೈ ಮುಗಿದು ನಿಂತಿರುವ ಫ್ಲೆಕ್ಸ್ ಕಟ್ಟಿಸಿದರು. ಮೈಕು ಕೈಗೆ ಸಿಕ್ಕರೆ ನಮ್ಮ ಅಣ್ಣನನ್ನು ಹಿಡಿಯುವವರಿಲ್ಲ. "ಈ ಕಲ್ಲು ನೆಟ್ಟೇ ಬರ್ತೀನಿ. ವಾಪಸ್ ತಂದ್ರೆ ಹರಿಹರದ ಬಸ್‌ಸ್ಟ್ಯಾಂಡಿನಾಗ ಕಾಲಿಡಂಗಿಲ್ಲ" ಎಂದು ಎಲ್ಲರೆದುರಿಗೆ ಮಾತು ಕೊಟ್ಟ. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತಿಗೆ ಸರ್ವಮಂಗಳ ನನ್ನ ಕಿವಿಯಲ್ಲಿ, "ಆ ದೇಶದೋರನ್ನ ಯಾರಾದ್ರೂ ಕೇಳಿದಾರೇನವ್ವ?" ಎಂದಳು. ಯಾರೂ ಕೇಳಿರಲಿಲ್ಲ.

ಸಿಯೆಮ್ ರೀಪ್

ನಾವು ಇಳಿದ ವಿಮಾನ ನಿಲ್ದಾಣದಲ್ಲಿ ಅಣ್ಣನ ಪೆಟ್ಟಿಗೆ ತೆಗೆಸಿದರು. ಅಂಚಿಗೆ ಪಂಚೆ ಸುತ್ತಿ, ನಡುವೆ ಟವೆಲು ಹಾಸಿ, ಕಲ್ಲನ್ನು ಕೂಸಿನ ಹಾಗೆ ಮಲಗಿಸಿದ್ದ. ಅಧಿಕಾರಿ ಟವೆಲು ಸರಿಸಿ ನೋಡಿದ. ಕರಿ ಕಲ್ಲು, ಬಿಳಿ ಅಕ್ಷರ, ಒಂದರ ಕೆಳಗೊಂದು ಹೆಸರುಗಳು. ಅವನ ಮುಖ ಮೆತ್ತಗಾಯಿತು. ಪಕ್ಕದವನನ್ನು ಕರೆದು ತೋರಿಸಿದ. ಇಬ್ಬರೂ ಅಣ್ಣನ ಕಡೆ ತಿರುಗಿ, ಎದೆಯ ಮಟ್ಟಕ್ಕೆ ಕೈ ಜೋಡಿಸಿ ತಲೆ ಬಾಗಿಸಿದರು.

ಅಣ್ಣ ಹಿಗ್ಗಿಹೋದ. ತಾನೂ ಕೈ ಮುಗಿದ. "ನೋಡಿದೇನ್ ಗಿರಿಜಾ, ಶಾಸನಕ್ಕೆ ಎಷ್ಟು ಮರ್ಯಾದೆ ಕೊಡ್ತಾರೆ ಈ ಮಂದಿ."

ಟವೆಲನ್ನು ಮೊದಲಿನಂತೆ ಹೊದಿಸಿ, ಪೆಟ್ಟಿಗೆ ಮುಚ್ಚುತ್ತ ಆ ಅಧಿಕಾರಿ ನನ್ನನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ, ತೀರಿಕೊಂಡವರು ನಿಮಗೆ ಏನಾಗಬೇಕು ಎಂದು. ಅವರು ಅದನ್ನು ಸಮಾಧಿಯ ಕಲ್ಲೆಂದು ತಿಳಿದಿದ್ದರು. ಕಲ್ಲಿನ ಮೇಲೆ ಹೆಸರಿದ್ದವರೆಲ್ಲ ಆ ಹೊತ್ತಿಗೆ ಹರಿಹರದಲ್ಲಿ ಊಟ ಮಾಡಿ ಅಡ್ಡಾಗಿದ್ದಿರಬೇಕು. ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ಅಣ್ಣನಿಗೆ ಈ ವಿಷಯವನ್ನು ಇವತ್ತಿನವರೆಗೂ ಹೇಳಿಲ್ಲ, ಇಲ್ಲಿ ಓದಿಯೇ ಅವನಿಗೆ ಗೊತ್ತಾಗಬೇಕು.

ಮರುದಿನ ಪೇಟೆಯ ಒಂದು ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ನಮ್ಮ ಹರಿಹರ ಸ್ವಾಮಿಯೇ ನಿಂತಿದ್ದ. ಬಲಕ್ಕೆ ಜಟೆ, ಎಡಕ್ಕೆ ಕಿರೀಟ, ಹಣೆಯಲ್ಲಿ ಅರ್ಧ ಕಣ್ಣು. ಮೈ ಮಾತ್ರ ನಮ್ಮ ಕಡೆಯ ಮೂರ್ತಿಗಳಂತೆ ಒಡವೆಗಳಿಂದ ತುಂಬಿರಲಿಲ್ಲ. ಸ್ನಾನ ಮಾಡಿ ಈಗ ತಾನೇ ಬಂದವನ ಹಾಗಿದ್ದ. ತುಂಗಭದ್ರೆಯ ದಡದಲ್ಲಿ ಚಿಕ್ಕಂದಿನಿಂದ ನೋಡಿದ ದೇವರನ್ನು ಅಷ್ಟು ದೂರದಲ್ಲಿ, ಗಾಜಿನ ದೀಪದ ಕೆಳಗೆ ನೋಡಿದಾಗ ನಾನು ಕೈ ಮುಗಿದೆ. ಊರಿನವರು ಯಾರೋ ಪರಸ್ಥಳದಲ್ಲಿ ಸಿಕ್ಕಷ್ಟು ಸಂತೋಷವಾಯಿತು.

ಆರನೇ ನಂಬರಿನ ರಸ್ತೆ

ಹರಿಹರಾಲಯ ಇದ್ದ ಜಾಗಕ್ಕೆ ಈಗ ರೊಲುವೊಸ್ ಎನ್ನುತ್ತಾರೆ. ಸಿಯೆಮ್ ರೀಪಿನಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದು ಹೋಗಬೇಕು. ತನ್ನ ಗಾಡಿಯಲ್ಲಿ ನಮ್ಮನ್ನು ಕರೆದುಕೊಂಡು ಹೋದವನು ದಾರಾ. ನಲವತ್ತರ ಆಸುಪಾಸಿನ ಗಂಡಸು, ಪ್ರವಾಸಿಗರ ಜೊತೆ ಓಡಾಡಿ ಇಂಗ್ಲಿಷ್ ಕಲಿತವನು. ನಾನು ಇಂಗ್ಲಿಷಿನಲ್ಲಿ ಕೇಳಿ ಅಣ್ಣನಿಗೆ ಕನ್ನಡದಲ್ಲಿ ಹೇಳಬೇಕು. ಅಣ್ಣ ಮಾತ್ರ ನನ್ನನ್ನು ನೆಚ್ಚದೆ ದಾರಾನ ಜೊತೆ ನೇರವಾಗಿ ಕನ್ನಡದಲ್ಲೇ ಮಾತಾಡುತ್ತಿದ್ದ, ಸ್ವಲ್ಪ ಗಟ್ಟಿಯಾಗಿ.

ದಾರಿಯ ಎರಡೂ ಬದಿಗೆ ಭತ್ತದ ಗದ್ದೆ. ಭದ್ರಾ ನಾಲೆಯ ಕೆಳಗಿನ ನಮ್ಮ ಗದ್ದೆಗಳೇ ಅನ್ನಬೇಕು, ನಡುನಡುವೆ ತಾಳೆಮರ ನಿಂತಿರುವುದು ಬಿಟ್ಟರೆ. ರಸ್ತೆ ಬದಿಯ ಅಂಗಡಿಗಳಲ್ಲಿ ಬಾಟಲಿ ತುಂಬ ಹಳದಿ ಪಾನಕ ಸಾಲಾಗಿ ಇಟ್ಟಿದ್ದರು. ಬಿಸಿಲಿಗೆ ಬಾಯಾರಿದ್ದ ಅಣ್ಣ ಗಾಡಿ ನಿಲ್ಲಿಸಿ, ಒಂದು ಬಾಟಲಿ ಎತ್ತಿಕೊಂಡು, ಮುಚ್ಚಳ ತಿರುಗಿಸಿದ. ಅಂಗಡಿಯ ಹೆಂಗಸು ಓಡಿ ಬಂದು ಕಸಿದುಕೊಂಡಳು. ಅದು ಪೆಟ್ರೋಲು. ಆಕೆ ನಕ್ಕು ನಕ್ಕು ಸುಸ್ತಾಗಿ ಎಳನೀರು ಕೊಟ್ಟು ಕಳಿಸಿದಳು.

ಅಣ್ಣನಿಗೆ ಆ ದೇಶ ಪೂರ್ತಿ ಒಪ್ಪಿಗೆಯಾದದ್ದು ಬೋರ್ಡುಗಳಿಂದ. ನಮ್ಮಲ್ಲಿ ಗುಡಿಗೆ ಒಂದು ಫ್ಯಾನು ಕೊಟ್ಟರೆ ಅದರ ರೆಕ್ಕೆರೆಕ್ಕೆಗೂ ಕೊಟ್ಟವರ ಹೆಸರು ಬರೆಸುತ್ತೇವೆ. ಸ್ಟೀಲ್ ಕೊಳಗ, ಕಬ್ಬಿಣದ ಬೆಂಚು, ಕುಡಿಯುವ ನೀರಿನ ಲೋಟ, ಯಾವುದೂ ಹೆಸರಿಲ್ಲದೆ ಇರುವುದಿಲ್ಲ. ನಾನು ಇದನ್ನು ಜೀವಮಾನವೆಲ್ಲ ಹಾಸ್ಯ ಮಾಡಿಕೊಂಡೇ ಬಂದವಳು. ಇಲ್ಲಿ ನೋಡಿದರೆ ಪ್ರತಿ ಮನೆಯ ಮುಂದಿನ ಕೈಪಂಪಿಗೂ ಕೊಟ್ಟವರ ಹೆಸರಿನ ಫಲಕ, ವಿಹಾರದ ಬೇಲಿಗೆ ಕಂಬಕ್ಕೊಂದು ಹೆಸರು, ಮರದ ಕೆಳಗಿನ ಸಿಮೆಂಟು ಕುರ್ಚಿಯ ಬೆನ್ನಿಗೂ ಹೆಸರು.

"ಇವ್ರು ನಮ್ಮೋರೇ. ಇನ್ನೇನು ಸಾಕ್ಷಿ ಬೇಕು ನಿನಗೆ" ಎಂದು ಅಣ್ಣ ನನ್ನನ್ನು ಗೆದ್ದವನಂತೆ ನೋಡಿದ. ಸ್ವಲ್ಪ ದೂರ ಹೋದ ಮೇಲೆ ಹಳೆಯ ರಾಜಧಾನಿಯ ಹೆಸರು ಬರೆದ ಫಲಕ ಬಂತು. ಮೇಲೆ ಅವರ ಅಕ್ಷರ, ಕೆಳಗೆ ಇಂಗ್ಲಿಷ್. ನಾನು ಓದಿದೆ, ಹರಿಹರಾಲಯ. ಅಣ್ಣ ಇಳಿದು ಚಪ್ಪಲಿ ಬಿಟ್ಟ. ಜೇಬಿನಿಂದ ವಿಭೂತಿ ತೆಗೆದು ಮೂರು ಬೆರಳು ಫಲಕದ ಕಡೆ ಚಾಚಿದ. ಅದರ ಕಬ್ಬಿಣದ ಕಾಲಿಗೆ ಮಾತ್ರ ಹಚ್ಚು ಎಂದು ನಾನು ರಾಜಿ ಮಾಡಿಸಿದೆ. ಬಿಸಿಲಲ್ಲಿ ಆ ಮೂರು ಬಿಳಿ ಗೆರೆಗಳು ಚೆನ್ನಾಗಿಯೇ ಕಂಡವು.

ಪ್ರೆಯಾ ಕೋ

ಪ್ರೆಯಾ ಕೋ ಎಂದರೆ ಅವರ ಭಾಷೆಯಲ್ಲಿ ಪವಿತ್ರ ಗೂಳಿ. ಇಟ್ಟಿಗೆಯ ಗೋಪುರಗಳ ಮುಂದೆ ಬಸವಣ್ಣಗಳು ಕೂತಿವೆ, ಮೂಗು ಮುಖ ಸವೆದಿದ್ದರೂ ಡುಬ್ಬ ಗಟ್ಟಿಯಾಗಿದೆ. ಅತ್ತಿಗೆ ಒಂದು ಬಸವಣ್ಣನ ಕಿವಿಯಲ್ಲಿ ಏನೋ ಹೇಳಿಕೊಂಡಳು. ಅವಳು ಏನು ಕೇಳಿಕೊಂಡಳೋ, ಕಲ್ಲಿನ ವಿಷಯ ಇರಲಾರದು.

ಅಣ್ಣ ಜಾಗ ನೋಡಿಟ್ಟುಕೊಂಡಿದ್ದ. ಬಾಗಿಲ ಪಕ್ಕ, ರಸ್ತೆಗೆ ಕಾಣುವ ಹಾಗೆ. ಕಾವಲಿನವನಿಗೆ ದಾರಾ ವಿಷಯ ಹೇಳಿದ. ಕಾವಲಿನವನು ಮೊದಲು ನಕ್ಕ, ಆಮೇಲೆ ಅಣ್ಣನ ಮುಖ ನೋಡಿ ನಗು ನಿಲ್ಲಿಸಿದ. ಇಲ್ಲಿ ಒಂದು ಹಿಡಿ ಮಣ್ಣನ್ನೂ ಯಾರೂ ಅಗೆಯುವಂತಿಲ್ಲ. ಕೆಳಗೆಲ್ಲ ಹಳೆಯ ಇಟ್ಟಿಗೆ, ಹಳೆಯ ಗೋಡೆ. ಒಂದು ಗೂಟ ಹೊಡೆಯಬೇಕಾದರೂ ಮೇಲಿನವರ ಅಪ್ಪಣೆ ಬೇಕು. ಪರದೇಶದವರು ತಂದ ಕಲ್ಲಿಗೆ ಅಪ್ಪಣೆ ಸಿಗುವ ಮಾತೇ ಇಲ್ಲ ಎಂದ.

"ಹೊರಗೆ ರಸ್ತೆ ಮಗ್ಗುಲಿಗೆ?" ಎಂದು ಅಣ್ಣ ಕೇಳಿದ.

ದಾರಾ ಹೇಳಿದ. ಅವನು ಹುಡುಗನಾಗಿದ್ದಾಗ ಅವರ ಊರ ಕಡೆ ರಸ್ತೆ ಬದಿಯಲ್ಲಿ ಇದ್ದ ಫಲಕಗಳೆಂದರೆ ಕೆಂಪು ಹಲಗೆಗಳು, ಮೇಲೆ ತಲೆಬುರುಡೆಯ ಚಿತ್ರ. ಯುದ್ಧದ ಕಾಲದಲ್ಲಿ ಹೂತಿಟ್ಟ ಸಿಡಿಗುಂಡುಗಳು ಇನ್ನೂ ನೆಲದಲ್ಲಿವೆ ಎಂದು ಅದರ ಅರ್ಥ. ಇಲ್ಲಿ ಈಗ ಅಂಥ ಭಯವಿಲ್ಲ. ಆದರೂ ಯಾರಾದರೂ ರಸ್ತೆ ಬದಿಯಲ್ಲಿ ಅಗೆಯಲು ಹೊರಟರೆ ತನ್ನ ತಾಯಿ ಇವತ್ತಿಗೂ ಕಿರುಚುತ್ತಾಳೆ ಎಂದ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಣ್ಣ ಮತ್ತೆ ವಾದ ಮಾಡಲಿಲ್ಲ. ಕಲ್ಲಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ಗಾಡಿಯಲ್ಲಿ ಕೂತ. ಅತ್ತಿಗೆ ಖಾರದ ನರ್ಗೀಸ್ ಮಂಡಕ್ಕಿಯ ಡಬ್ಬಿ ಬಿಚ್ಚಿದರೆ ಬೇಡ ಎಂದ. ದಾವಣಗೆರೆಯ ಮನುಷ್ಯ ಮಂಡಕ್ಕಿ ಬೇಡ ಎಂದರೆ ವಿಷಯ ಸಣ್ಣದಲ್ಲ. ದಾರಾ ಮಾತ್ರ ಮುಷ್ಟಿ ಮುಷ್ಟಿ ತಿಂದ. ಅವರಲ್ಲೂ ಅವಲಕ್ಕಿ ಕುಟ್ಟುತ್ತಾರಂತೆ, ಮಂಡಕ್ಕಿಗೆ ಹೀಗೆ ಒಗ್ಗರಣೆ ಕೊಡುವುದು ಗೊತ್ತಿಲ್ಲವಂತೆ.

"ಊರಾಗ ಏನಂತ ಹೇಳ್ಲಿ?" ಎಂದು ಅಣ್ಣ ನನ್ನ ಕಡೆ ನೋಡದೆ ಕೇಳಿದ. "ಆ ಮಂದಿ ನಂಬಿ ಹೆಸರು ಕೊಟ್ಟಾರೆ. ನಾನು ಮಾತು ಕೊಟ್ಟೀನಿ."

ಅವನನ್ನು ರೇಗಿಸಲು ಆಗ ನನಗೆ ಮನಸ್ಸು ಬರಲಿಲ್ಲ.

ಲೊಲೆಯ್

ಇನ್ನೊಂದು ಗುಡಿ ನೋಡಿ ಹೋಗೋಣ ಎಂದು ದಾರಾನೇ ಕರೆದುಕೊಂಡು ಹೋದ. ಲೊಲೆಯ್ ಒಂದು ಕಾಲಕ್ಕೆ ದೊಡ್ಡ ಕೆರೆಯ ನಡುಗಡ್ಡೆಯಾಗಿತ್ತು. ಈಗ ಆ ಕೆರೆಯ ಅಂಗಳವೆಲ್ಲ ಗದ್ದೆ. ಇಟ್ಟಿಗೆ ಗೋಪುರಗಳ ಪಕ್ಕದಲ್ಲೇ ಬೌದ್ಧ ವಿಹಾರ, ಕೇಸರಿ ಬಟ್ಟೆ ಒಣಗುತ್ತಿತ್ತು, ನಾಯಿಗಳು ಮಲಗಿದ್ದವು.

ಗೋಪುರದ ಬಾಗಿಲಿನ ಚೌಕಟ್ಟು ಕಲ್ಲಿನದು. ಅದರ ಮೇಲೆ ಮೇಲಿಂದ ಕೆಳಗಿನವರೆಗೆ ಸಣ್ಣ ಅಕ್ಷರ, ಮುತ್ತು ಪೋಣಿಸಿದಂತೆ. ಅಕ್ಷರದ ಬಾಗು ನಮ್ಮ ಹಳೆಯ ಶಾಸನಗಳ ಅಕ್ಷರವನ್ನು ನೆನಪಿಸುವಂತಿದೆ. ಅಣ್ಣ ತಾನಾಗಿಯೇ ಹೋಗಿ ಬೆರಳಾಡಿಸಲು ಕೈ ಚಾಚಿ, ಕಾವಲಿನವನ ನೆನಪಾಗಿ ಹಿಂದಕ್ಕೆ ತೆಗೆದುಕೊಂಡ.

"ಯಾವ ರಾಜಂದು?" ಎಂದ.

ರಾಜನ ಮಾತೂ ಇದೆ, ಆದರೆ ಹೆಚ್ಚಿನವು ಗುಡಿಗೆ ಬಿಟ್ಟ ಆಳುಗಳ ಹೆಸರುಗಳು ಎಂದು ದಾರಾ ಹೇಳಿದ. ಅಡುಗೆಯವರು, ಹೂ ಕಟ್ಟುವವರು, ಹಾಡುವವರು, ಅಕ್ಕಿ ಕುಟ್ಟುವವರು. ಶುಕ್ಲಪಕ್ಷಕ್ಕೆ ಒಂದು ಪಾಳಿ, ಕೃಷ್ಣಪಕ್ಷಕ್ಕೆ ಇನ್ನೊಂದು ಪಾಳಿ. ನನಗೆ ಪಾಳಿ ಎಂದ ಕೂಡಲೇ ನಮ್ಮ ಸೋದರಮಾವ ನೆನಪಾದ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಪಾಳಿ ಮಾಡಿ, ತಲೆಗೂದಲಲ್ಲಿ ಅರಳೆ ಸಿಕ್ಕಿಸಿಕೊಂಡು ಮನೆಗೆ ಬರುತ್ತಿದ್ದ. ಆ ಮಿಲ್ಲಿನ ಭೋಂಗಾ ಕೂಗಿದ್ದು ಕೇಳಿ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು. ಅಲ್ಲಿ ಮಾವನಂಥವರ ಹೆಸರು ಹೇಳುವ ಒಂದು ಹಲಗೆಯೂ ಈಗಿಲ್ಲ. ಇಲ್ಲಿ ಅಕ್ಕಿ ಕುಟ್ಟಿದವಳ ಹೆಸರು ಕಲ್ಲಿನಲ್ಲಿದೆ. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇಕೆ.

ವಿಹಾರದ ಹಿರಿಯ ಭಿಕ್ಷು ನಮ್ಮನ್ನು ನೋಡಿ ಹೊರಗೆ ಬಂದರು. ಗಾಡಿಯಲ್ಲಿದ್ದ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರು. ಅಣ್ಣ ಪೆಟ್ಟಿಗೆ ಬಿಚ್ಚಿದ. ಮೇಲ್ಗಡೆ "ಹರಿಹರದವರಿಂದ ಹರಿಹರಾಲಯದವರಿಗೆ" ಎಂದು ಒಂದು ಸಾಲು. ಅದರ ಕೆಳಗೆ ಓಣಿಯವರ ಹೆಸರುಗಳು. ನಟ್ಟನಡುವೆ, ಉಳಿದ ಎಲ್ಲವುಗಳಿಗಿಂತ ದಪ್ಪಗೆ, "ಮಹೇಶ್ವರಪ್ಪ." ಕೆತ್ತುವವನೇ ಹಾಗೆ ಮಾಡಿಬಿಟ್ಟ ಎಂದು ಅಣ್ಣ ಊರಲ್ಲಿ ಹೇಳಿಕೊಂಡಿದ್ದ, ಯಾರೂ ನಂಬಿರಲಿಲ್ಲ.

ಭಿಕ್ಷುಗಳು ಕತೆಯೆಲ್ಲ ಕೇಳಿ ತಲೆದೂಗಿದರು. ಹಳೆಯ ಗುಡಿಯ ಜಾಗ ತಮ್ಮದಲ್ಲ, ಆದರೆ ವಿಹಾರದ ಹೊಸ ಸಭಾಮಂಟಪ ತಮ್ಮದೇ. ಅದರ ಮುಂಗೋಡೆಯಲ್ಲಿ ದಾನಿಗಳ ಫಲಕಗಳಿವೆ, ಅಲ್ಲಿ ಇದನ್ನೂ ನಿಲ್ಲಿಸಿ ಕೂರಿಸಬಹುದು ಎಂದರು. ರಸ್ತೆಯಿಂದಲೂ ಕಾಣುತ್ತದೆ. ನಾನು ಅದನ್ನು ಹೇಳಿದ ಕೂಡಲೇ ಅಣ್ಣನ ಮುಖ ಅರಳಿತು. ಮೊಬೈಲು ತೆಗೆದು ನನ್ನ ಕೈಗೆ ಕೊಟ್ಟ. "ಫೋಟೋ ತಗಿ. ಈಗಲೇ ಓಣಿಗೆ ಕಳಿಸಾಣ."

ಕಾಲು ತೊಳೆಯುವ ಜಾಗ

ಮಂಟಪದ ಮೆಟ್ಟಿಲ ಹತ್ತಿರ ನೀರಿನ ದೊಡ್ಡ ಹಂಡೆಯಿತ್ತು. ಬಂದವರು ಚಪ್ಪಲಿ ಬಿಟ್ಟು, ಚಂಬಿನಿಂದ ಕಾಲಿಗೆ ನೀರು ಹಾಕಿಕೊಂಡು ಒಳಗೆ ಹೋಗುತ್ತಾರೆ. ನೀರು ಬಿದ್ದು ಬಿದ್ದು ಅಲ್ಲೆಲ್ಲ ಕೆಸರು. ಯಾರೋ ಎರಡು ಒಡಕು ಇಟ್ಟಿಗೆ ಹಾಕಿದ್ದರು. ನಾನು ಫೋಟೋ ತೆಗೆಯುವ ಹೊತ್ತಿಗೆ ಒಬ್ಬ ಮುದುಕಿ ಬಂದಳು. ಒಂದು ಕೈಯಲ್ಲಿ ತಾವರೆ ಮೊಗ್ಗು, ಇನ್ನೊಂದು ಕೈ ಕಂಬದ ಮೇಲೆ. ಕಾಲು ತೊಳೆದಳು, ಇಟ್ಟಿಗೆ ಅಲ್ಲಾಡಿತು, ತೊಳೆದ ಕಾಲು ಕೆಸರಿಗೇ ಇಳಿಯಿತು. ಮತ್ತೆ ತೊಳೆದಳು.

"ಏನ್ರೀ" ಎಂದಳು ಅತ್ತಿಗೆ. ಇಡೀ ಪ್ರವಾಸದಲ್ಲಿ ಕಲ್ಲಿನ ಬಗ್ಗೆ ಅವಳು ಅಣ್ಣನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. "ಆ ಗ್ವಾಡಿಗೆ ಬೋರ್ಡು ಬೇಕಾದಷ್ಟು ಅದಾವೆ. ಆ ಅವ್ವನ ಕಾಲು ನೋಡ್ರಿ."

ಅಣ್ಣ ಮುದುಕಿಯ ಕಾಲು ನೋಡಿದ, ಗೋಡೆ ನೋಡಿದ, ಕಲ್ಲು ನೋಡಿದ. ನನ್ನ ಕಡೆ ತಿರುಗಿದ. "ಮಲಗಿಸಿದ್ರೆ ನೆಟ್ಟಂಗ ಆಗ್ತೈತೇನವ್ವ?"

ಅವನು ಕೊಟ್ಟ ಮಾತು ಆ ಪ್ರಶ್ನೆಯಲ್ಲಿತ್ತು. ಗೋಡೆಗೆ ಕೂರಿಸಿದರೆ ಊರಿಗೆ ಎದೆಯೆತ್ತಿ ಹೋಗಬಹುದು. ನೆಲಕ್ಕೆ ಹಾಕಿದರೆ ಓಣಿಯವರು ಏನೆನ್ನುತ್ತಾರೋ. ನಮ್ಮ ಕಡೆಯ ಗುಡಿಗಳ ಹೊಸ್ತಿಲ ಮುಂದೆ ಕೈ ಜೋಡಿಸಿ ಬೋರಲು ಮಲಗಿದವರ ಚಿತ್ರ ಕೆತ್ತಿರುತ್ತಾರಲ್ಲ, ಗುಡಿಗೆ ಸೇವೆ ಮಾಡಿದವರು, ಬರುವ ಭಕ್ತರ ಕಾಲು ತಮ್ಮ ಬೆನ್ನ ಮೇಲೆ ಬೀಳಲಿ ಎಂದು ಕೇಳಿಕೊಂಡವರು. ಅದನ್ನು ಹೇಳಿದೆ. ಅಣ್ಣ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಹರಿಹರಕ್ಕೆ ಫೋನು ಹಚ್ಚಿದ. ಓಣಿಯ ಹಿರಿಯರೊಬ್ಬರು ಎತ್ತಿದರು. ಅಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಕೆಸರು, ಮುದುಕಿ, ಎಲ್ಲ. ಆ ಕಡೆಯಿಂದ ಬಂದ ಮಾತು ನಮಗೂ ಕೇಳಿಸಿತು. "ಹಾಕಪಾ. ನಮ್ಮ ಹೆಸರು ಅಷ್ಟು ದೂರ ಹೋಗಿ ಯಾರದಾದ್ರೂ ಕಾಲಿಗೆ ಬಂತಂದ್ರೆ ಪುಣ್ಯ ಅಲ್ಲೇನು."

ಈಗ ಬೇಡ ಎಂದವರು ಭಿಕ್ಷುಗಳು. ದಾರಾ ಕೂಡ ಗಾಬರಿಯಾಗಿದ್ದ. ಅವರಲ್ಲಿ ಕಾಲು ಕೀಳು. ಮಲಗುವಾಗಲೂ ಇನ್ನೊಬ್ಬರ ಕಡೆ ಕಾಲು ಮಾಡುವುದಿಲ್ಲ. ಬದುಕಿರುವವರ ಹೆಸರಿನ ಮೇಲೆ ಕಾಲಿಡುವುದೆಂದರೆ ಅವರ ಮುಖದ ಮೇಲೆ ಇಟ್ಟ ಹಾಗೆ. ಅಕ್ಷರದ ಬದಿಯನ್ನು ಕೆಳಗೆ ಮಾಡಿ ಹಾಕೋಣ ಎಂದು ಭಿಕ್ಷುಗಳು ಮಧ್ಯದ ದಾರಿ ಹುಡುಕಿದರು.

ಅಣ್ಣ ಕೈ ಮುಗಿದು ಕನ್ನಡದಲ್ಲೇ ಹೇಳಿದ. ಈ ಸಲ ಗಟ್ಟಿಯಾಗಿ ಹೇಳಲಿಲ್ಲ. "ಸ್ವಾಮಿ, ನಿಮ್ಮ ಮ್ಯಾಲೆ ತಪ್ಪು ಬರಂಗಿಲ್ಲ. ನಮ್ಮಲ್ಲಿ ಇದು ಕೀಳಲ್ಲ, ಬೇಡ್ಕೊಂಡು ಹಾಕಿಸ್ಕೋತೀವಿ. ಮಕ ಮ್ಯಾಲೇ ಇರ್ಲಿ."

ನಾನು ಇಂಗ್ಲಿಷಿಗೆ ತಂದೆ, ದಾರಾ ತನ್ನ ಭಾಷೆಗೆ ತಂದ. ಹಿರಿಯ ಭಿಕ್ಷುಗಳು ಒಪ್ಪಿ, ಒಂದು ಗುದ್ದಲಿ ಮತ್ತು ಒಂದು ಬುಟ್ಟಿ ಮರಳು ತರಿಸಿದರು. ಅಣ್ಣ ಪಂಚೆ ಎತ್ತಿ ಕಟ್ಟಿ ಕೆಸರು ಬಳಿದ. ದಾರಾ ಇಟ್ಟಿಗೆ ತೆಗೆದ. ಮರಳು ಹಾಸಿ, ಕಲ್ಲು ಇಳಿಸಿ, ನಾಲ್ಕೂ ಮೂಲೆ ತಟ್ಟಿ ಅಲುಗದಂತೆ ಕೂರಿಸಿದರು. ಮಂಡಿಯಲ್ಲಿ ಒಂದು ಚೀಲಕ್ಕೂ ಕೈ ಹಚ್ಚದ ಯಜಮಾನ ಮನುಷ್ಯ ಮೊಣಕೈವರೆಗೆ ಕೆಸರಾಗಿದ್ದ. ಅವನ ತಂಗಿ ಎನ್ನಿಸಿಕೊಳ್ಳುವುದಕ್ಕೆ ನನಗೆ ಹೆಮ್ಮೆಯಾಯಿತು. ಹರಿಹರದವಳು ಎನ್ನಿಸಿಕೊಳ್ಳುವುದಕ್ಕೂ.

ಅಷ್ಟರಲ್ಲಿ ಆ ಮುದುಕಿ ಪೂಜೆ ಮುಗಿಸಿ ಹೊರಗೆ ಬಂದಿದ್ದಳು. ಭಿಕ್ಷುಗಳು ಅವಳಿಗೆ ಕಲ್ಲು ತೋರಿಸಿದರು. ಅವಳು ಮತ್ತೆ ಚಂಬು ತೆಗೆದುಕೊಂಡಳು, ಕಾಲಿಗೆ ನೀರು ಹಾಕಿಕೊಂಡಳು, ಕಾಲೆತ್ತಿದಳು. ಬಿಳಿ ಅಕ್ಷರ ಕಂಡು ಕಾಲು ಗಾಳಿಯಲ್ಲೇ ನಿಂತಿತು. ದಾರಾನನ್ನು ಏನೋ ಕೇಳಿದಳು. ಈ ದೊಡ್ಡ ಅಕ್ಷರ ಏನು ಎಂದು ಕೇಳುತ್ತಿದ್ದಾಳೆ ಎಂದು ಅವನು ನಮಗೆ ಹೇಳಿದ. ಅಣ್ಣನ ಕಡೆ ಬೆರಳು ಮಾಡಿ ಅವಳಿಗೆ ಹೇಳಿದ, ಇವರ ಹೆಸರು.

ಮುದುಕಿ ಕಾಲು ಹಿಂದಕ್ಕೆ ತೆಗೆದುಕೊಂಡಳು. ಓಣಿಯವರ ಸಣ್ಣ ಹೆಸರುಗಳ ಕಡೆಗೆ, ಅಂಚಿನ ಖಾಲಿ ಜಾಗದ ಕಡೆಗೆ ಪಾದ ಸರಿಸಿ ಜಾಗ ಹುಡುಕಿದಳು.

ಅಣ್ಣ ಕೆಸರುಗೈಯಲ್ಲೇ ತನ್ನ ಹೆಸರು ತೋರಿಸಿದ. "ಅಲ್ಲಿ ಬ್ಯಾಡವ್ವಾ. ಇಲ್ಲಿಡು. ನನ್ನ ಮ್ಯಾಲಿಡು."

ಅದನ್ನು ನಾನೂ ತರ್ಜುಮೆ ಮಾಡಲಿಲ್ಲ, ದಾರಾನೂ ಮಾಡಲಿಲ್ಲ. ಮುದುಕಿ ಅಣ್ಣನ ಮುಖ ನೋಡಿದಳು. ಚಂಬನ್ನು ಮತ್ತೊಮ್ಮೆ ಹಂಡೆಯಲ್ಲಿ ಅದ್ದಿ, ತೊಳೆದ ಕಾಲನ್ನೇ ಇನ್ನೊಮ್ಮೆ ತೊಳೆದು, ಆಮೇಲೆ ಅವನ ಹೆಸರಿನ ಮೇಲೆ ಇಟ್ಟಳು.